ಕಲಿಸಿದವರೇ ಅಂಕ ಹಾಕಿದರೆ

(ರಾಯಚೂರಿನಲ್ಲಿ ಸಂಗೀತ ಶಿಕ್ಷಕರು, ಪೋಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎಳೆದಾಡಿದ್ದನ್ನು ಬರಹದಲ್ಲಿ ಸ್ವಲ್ಪ ಬಿಗಿ ಮಾಡಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಿಂದೂಸ್ತಾನಿ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರ ಇರುವ ಊರಿದು. ಇಲ್ಲಿ ನಿಂತು ಸಂಗೀತದ ಬಗ್ಗೆ ಭಾಷಣ ಬಿಗಿಯುವ ಧೈರ್ಯ ನನಗಿಲ್ಲ. ಹಾಗಾಗಿ ಹಾಡಿನ ಬಗ್ಗೆ ಕಡಿಮೆ, ಹಾಡಿಗೆ ಅಂಕ ಹಾಕುವ ಬಗ್ಗೆ ಜಾಸ್ತಿ ಮಾತಾಡುತ್ತೇನೆ.

ಶನಿವಾರ, ಭಾನುವಾರ ರಾತ್ರಿ ಟಿವಿಯಲ್ಲಿ ಹಾಡಿನ ಸ್ಪರ್ಧೆ ಮುಗಿದ ಮೇಲೆ ನಮ್ಮ ಮನೆಗಳಲ್ಲಿ ಎರಡು ಮಾತು ಬರುತ್ತವೆ. ಒಂದು, "ಆ ಹುಡುಗಿ ಅಷ್ಟು ಚಲೋ ಹಾಡಿದ್ಳು, ಆಕಿನ್ಯಾಕ ತೆಗದ್ರು?" ಇನ್ನೊಂದು, "ಎಲ್ಲಾ ಮೊದ್ಲೇ ಫಿಕ್ಸ್ ಇರ್ತೈತಿ ಬಿಡ್ರಿ." ಮೊದಲನೆಯದು ಒಳ್ಳೆಯ ಪ್ರಶ್ನೆ. ಎರಡನೆಯದು ಅದಕ್ಕೆ ಸೋಮಾರಿ ಉತ್ತರ. ಫಿಕ್ಸ್ ಅಂದುಬಿಟ್ಟರೆ ಮುಂದೆ ಯೋಚನೆ ಮಾಡುವ ಕೆಲಸವೇ ಇರುವುದಿಲ್ಲ, ಅಲ್ವಾ? ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇಷ್ಟು: ಯಾರೂ ಮೋಸ ಮಾಡದೆಯೂ ಅನ್ಯಾಯ ಆಗಬಹುದು. ತೀರ್ಪುಗಾರರು ಒಳ್ಳೆಯವರೇ ಇರಬಹುದು, ಮನಸ್ಸಿಗೆ ತೋಚಿದಷ್ಟೇ ಅಂಕ ಹಾಕಿರಬಹುದು. ಆದರೂ ಕಲಿಸುವ ಕೆಲಸ, ಅಂಕ ಹಾಕುವ ಕೆಲಸ, ಕಾರ್ಯಕ್ರಮ ಓಡಿಸುವ ಕೆಲಸ ಮೂರೂ ಒಂದೇ ಕಡೆ ಕಲೆಸಿಹೋದರೆ ತೂಕ ಒಂದು ಕಡೆ ವಾಲುತ್ತದೆ.

ನಿಜವಾದ ಮೋಸ ನಡೆದೇ ಇಲ್ಲ ಅಂತಲ್ಲ. ದಕ್ಷಿಣ ಕೊರಿಯಾದಲ್ಲಿ 'ಪ್ರೊಡ್ಯೂಸ್ 101' ಅನ್ನುವ ಸರಣಿ ಬಂತು. ವೀಕ್ಷಕರ ಮತದಿಂದ ಹಾಡುಗಾರರ ತಂಡ ಕಟ್ಟುವ ಕಾರ್ಯಕ್ರಮ. 2019ರ ಫೈನಲ್ ಆದ ಮೇಲೆ ಜನ ಮತಗಳ ಪಟ್ಟಿ ಹಿಡಿದು ಕೂತರು. ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರದಲ್ಲಿ ಒಂದೇ ಸಂಖ್ಯೆ ಮತ್ತೆ ಮತ್ತೆ ಬರುತ್ತಿತ್ತು. ಅನುಮಾನ ಬಂತು, ತನಿಖೆ ಆಯಿತು, 2020ರಲ್ಲಿ ನಿರ್ಮಾಪಕರೊಬ್ಬರಿಗೆ ಎರಡು ವರ್ಷ ಜೈಲು ಆಯಿತು. ಇದರಲ್ಲಿ ಗಮನಿಸಬೇಕಾದದ್ದು ಜೈಲಲ್ಲ. ಅವರು ಮತದ ಲೆಕ್ಕ ಪ್ರಕಟ ಮಾಡಿದ್ದರು. ಹಾಗಾಗಿಯೇ ಸಿಕ್ಕಿಬಿದ್ದರು. ನಮ್ಮಲ್ಲಿ "ನಿಮ್ಮ ಅತಿ ಹೆಚ್ಚು ಮತ ಪಡೆದವರು" ಅಂತ ಹೇಳಿ ಲಕೋಟೆ ತೆರೆಯುತ್ತಾರೆ. ಎಷ್ಟು ಮತ ಅಂತ ಬಾಯಿ ಬಿಡುವುದು ಕಡಿಮೆ. ಲೆಕ್ಕವೇ ಕಾಣದ ಕಡೆ ಮೋಸ ಇದೆ ಅಂತಲೂ ಹೇಳಲಾಗುವುದಿಲ್ಲ, ಇಲ್ಲ ಅಂತಲೂ ಹೇಳಲಾಗುವುದಿಲ್ಲ.

ಹಿಂದಿಯಲ್ಲಿ 'ಸ ರೆ ಗ ಮ' 1995ರಲ್ಲಿ ಶುರುವಾಯಿತು. ಸೋನು ನಿಗಮ್ ನಡೆಸಿಕೊಡುತ್ತಿದ್ದರು. ಹಿರಿಯ ಸಂಗೀತಗಾರರು ಬಂದು ಕೂರುತ್ತಿದ್ದರು, ಕೇಳುತ್ತಿದ್ದರು, ಅಂಕ ಹಾಕುತ್ತಿದ್ದರು. ಹಾಡುವವರು ಎಲ್ಲೋ ಯಾರ ಹತ್ತಿರವೋ ಕಲಿತು ಬರುತ್ತಿದ್ದರು. ಆಮೇಲೆ 2005ರ ಆವೃತ್ತಿಯಲ್ಲಿ ಚಿತ್ರ ಬದಲಾಯಿತು. ಸಂಗೀತ ನಿರ್ದೇಶಕರಿಗೆ ಒಂದೊಂದು ಘರಾನಾ, ಅಂದರೆ ಅವರದೇ ಹುಡುಗರ ತಂಡ, ಕಟ್ಟಿಕೊಟ್ಟರು. ನನ್ನ ಹುಡುಗ, ನಿನ್ನ ಹುಡುಗ ಅಂತ ವೇದಿಕೆ ಮೇಲೇ ಜಗಳ. ಟಿವಿಗೆ ಅದು ಚೆನ್ನಾಗಿ ಕಂಡಿತು. ಅಂದಿನಿಂದ ಮೆಂಟರ್, ಅಂದರೆ ತಯಾರಿ ಮಾಡಿಸುವವರು, ಅನ್ನುವ ಕುರ್ಚಿ ಖಾಯಂ ಆಯಿತು.

2010ರಲ್ಲಿ ಹಾಲೆಂಡಿನಲ್ಲಿ 'ದಿ ವಾಯ್ಸ್' ಬಂತು. ಕುರ್ಚಿ ತಿರುಗಿಸಿ ಕೂರುವ ಆಟ ನಿಮಗೆಲ್ಲ ಗೊತ್ತು. ಮುಖ ನೋಡದೆ ದನಿ ಮಾತ್ರ ಕೇಳಿ ಆರಿಸುವುದು. ಎಷ್ಟು ನ್ಯಾಯ ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆದರೆ ಆ ಕುರುಡು ಸುತ್ತು ಶುರುವಿಗೆ ಮಾತ್ರ. ಕುರ್ಚಿ ಒಮ್ಮೆ ತಿರುಗಿತು ಅಂದರೆ ಕೋಚಿಗೆ ಮುಖವೂ ಗೊತ್ತು, ಊರೂ ಗೊತ್ತು, ಮನೆಯ ಕಥೆಯೂ ಗೊತ್ತು. ಆಮೇಲೆ ಅದೇ ಕೋಚು ತನ್ನ ತಂಡದ ಇಬ್ಬರನ್ನು ಒಂದೇ ಹಾಡಿಗೆ ನಿಲ್ಲಿಸಿ ಒಬ್ಬರನ್ನು ಮನೆಗೆ ಕಳಿಸಬೇಕು. ಕಬಡ್ಡಿ ಕೋಚಿನ ಕೈಗೇ ಸೀಟಿ ಕೊಟ್ಟರೆ ನಾವು ಒಪ್ಪುತ್ತೇವಾ? ಹಾಡಿನಲ್ಲಿ ಮಾತ್ರ ಒಪ್ಪುತ್ತೇವೆ. ಯಾಕಂದ್ರೆ ಅಲ್ಲಿ ಕಣ್ಣೀರು ಇರುತ್ತದೆ.

ಇಲ್ಲಿ ಯಾರಾದರೂ ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಅವರ ಹೆಸರು ತೆಗೆಯುತ್ತೀರಿ ಅಂತ ಗೊತ್ತು. 'ಎದೆ ತುಂಬಿ ಹಾಡುವೆನು'ದಲ್ಲಿ ಅವರೇ ಕಲಿಸುತ್ತಿದ್ದರಲ್ಲ, ಅವರೇ ತೀರ್ಪೂ ಹೇಳುತ್ತಿದ್ದರಲ್ಲ ಅಂತ. ಬಳ್ಳಾರಿ, ರಾಯಚೂರು ಗಡಿ ಕಡೆಯ ಮನೆಗಳಲ್ಲಿ ತೆಲುಗಿನ 'ಪಾಡುತಾ ತೀಯಗಾ' ಕೂಡ ನೋಡುತ್ತಿದ್ದರು. ಅದು 1996ರಿಂದ ಬಂದದ್ದು. ಎರಡರಲ್ಲೂ ಅವರ ರೀತಿ ಒಂದೇ. ಹುಡುಗ ಒಂದು ಸಾಲಿನಲ್ಲಿ ಜಾರಿದ ಅಂದರೆ ಆ ಸಾಲನ್ನು ತಾವೇ ಹಾಡಿ ತೋರಿಸುವುದು. ಈ ಪದ ಬರೆದವರು ಯಾರು, ರಾಗ ಹಾಕಿದವರು ಯಾರು ಅಂತ ಹೇಳುವುದು. ಅದೆಲ್ಲ ನಡೆಯುತ್ತಿದ್ದದ್ದು ಹಾಡಾದ ಮೇಲೆ, ಎಲ್ಲರ ಮುಂದೆ. ಒಬ್ಬನಿಗೆ ಹೇಳಿದ ಪಾಠ ಉಳಿದವರಿಗೂ ಕೇಳುತ್ತಿತ್ತು. ಮನೆಯಲ್ಲಿ ಕೂತ ನಮಗೂ ಕೇಳುತ್ತಿತ್ತು. ಈಗಿನ ತರಬೇತಿ ಕ್ಯಾಮೆರಾ ಹಿಂದೆ, ಬಾಗಿಲು ಹಾಕಿದ ರಿಹರ್ಸಲ್ ಕೋಣೆಯಲ್ಲಿ ನಡೆಯುತ್ತದೆ. ಯಾರಿಗೆ ಎಷ್ಟು ಹೊತ್ತು ಸಿಕ್ಕಿತು ಅಂತ ಹೊರಗಿನವರಿಗೆ ತಿಳಿಯುವುದಿಲ್ಲ.

2025ರಲ್ಲಿ ಅದೇ ತೆಲುಗು ಕಾರ್ಯಕ್ರಮದ ಒಬ್ಬ ಸ್ಪರ್ಧಿ ತೀರ್ಪುಗಾರರ ಮೇಲೆ ಪಕ್ಷಪಾತದ ಆರೋಪ ಮಾಡಿದರು. ಆ ಕಡೆಯಿಂದ ಅಲ್ಲಗಳೆದರು. ಗದ್ದಲ ಆಯಿತು. ಯಾರ ಮಾತು ನಿಜ ಅಂತ ಇಲ್ಲಿ ಕೂತು ತೀರ್ಮಾನ ಮಾಡುವುದು ಸರಿಯಲ್ಲ. ಆದರೆ ಅವತ್ತಿನ ಅಂಕಪಟ್ಟಿ ಎಲ್ಲರ ಮುಂದೆ ಇದ್ದಿದ್ದರೆ ಗದ್ದಲ ಅಷ್ಟು ದೊಡ್ಡದಾಗುತ್ತಿರಲಿಲ್ಲ ಅನ್ನುವುದು ನನ್ನ ಅನಿಸಿಕೆ.

ಈಗ ತರಬೇತಿ ಅಂದರೆ ಏನು ಅಂತ ಸ್ವಲ್ಪ ಹತ್ತಿರ ಹೋಗಿ ನೋಡೋಣ. ನನಗೆ ಇದೇ ಮುಖ್ಯ ಜಾಗ.

ಮೊದಲು ಶ್ರುತಿ, ಅಂದರೆ ಹಾಡಿಗೆ ಆಧಾರವಾಗಿ ಹಿಡಿಯುವ ಸ್ವರದ ಎತ್ತರ. ನಮ್ಮ ಸಿಂಧನೂರು, ಕುಷ್ಟಗಿ, ಸಿರುಗುಪ್ಪ ಕಡೆಯ ಹುಡುಗಿ ಒಬ್ಬಳು ಆಡಿಷನ್‌ಗೆ ತಯಾರಾಗುವುದು ಹೇಗೆ? ಮೊಬೈಲ್‌ನಲ್ಲಿ ಯೂಟ್ಯೂಬ್ ಕರೋಕೆ ಟ್ರ್ಯಾಕ್, ಅಂದರೆ ದನಿ ಇಲ್ಲದ ಬರೀ ವಾದ್ಯದ ಹಾಡು, ಹಾಕಿಕೊಂಡು. ಆ ಟ್ರ್ಯಾಕ್ ಯಾವ ಶ್ರುತಿಯಲ್ಲಿದೆ? ಮೂಲ ಗಾಯಕರ ಶ್ರುತಿಯಲ್ಲಿ. ಗಂಡಸರ ಹಾಡಾದರೆ ಪೇಟಿಯ, ಅಂದರೆ ಹಾರ್ಮೋನಿಯಂನ, ಮೊದಲ ಕರಿ ಮನೆ, ಕರಿ ಒಂದರ ಸುತ್ತಮುತ್ತ ಇರುತ್ತದೆ ಅಂತ ಇಟ್ಟುಕೊಳ್ಳಿ. ಹುಡುಗಿಯ ದನಿಗೆ ಕರಿ ನಾಲ್ಕೋ ಐದೋ ಹೊಂದುತ್ತದೆ. ಟ್ರ್ಯಾಕಿನ ಶ್ರುತಿಯಲ್ಲೇ ಹಾಡಬೇಕು ಅಂದರೆ ಕೆಳಗಿನ ಸ್ವರಗಳಲ್ಲಿ ಅವಳ ದನಿ ಕೇಳುವುದೇ ಇಲ್ಲ. ಒಂದು ಸ್ಥಾಯಿ ಮೇಲೆ ಎತ್ತಿ ಹಾಡಿದರೆ ಚರಣದಲ್ಲಿ ಚೀರಬೇಕಾಗುತ್ತದೆ. ಅವಳು ತಿಂಗಳುಗಟ್ಟಲೆ ಹೀಗೇ ಹಾಡಿ ಹಾಡಿ ಅದನ್ನೇ ರೂಢಿ ಮಾಡಿಕೊಂಡಿರುತ್ತಾಳೆ. ಆಡಿಷನ್‌ನಲ್ಲಿ ಎರಡು ನಿಮಿಷ ಕೇಳಿದವರು "ದನಿಯಲ್ಲಿ ದಮ್ ಇಲ್ಲಮ್ಮ" ಅನ್ನುತ್ತಾರೆ. ಅವರು ಸುಳ್ಳು ಹೇಳಿಲ್ಲ. ಆ ಶ್ರುತಿಯಲ್ಲಿ ನಿಜಕ್ಕೂ ದಮ್ ಇರಲಿಲ್ಲ. ಬೆಂಗಳೂರಿನ ಮಗುವಿಗೆ ಕೀಬೋರ್ಡ್ ಮೇಷ್ಟ್ರು ಮೊದಲ ದಿನವೇ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಶ್ರುತಿ ಸರಿ ಮಾಡಿಕೊಟ್ಟಿರುತ್ತಾರೆ. ವ್ಯತ್ಯಾಸ ಒಂದು ಬಟನ್ನಿನದು. ಅಂಕಪಟ್ಟಿಯಲ್ಲಿ ಅದು ಪ್ರತಿಭೆಯ ವ್ಯತ್ಯಾಸ ಅಂತ ಕಾಣುತ್ತದೆ.

ಎರಡನೆಯದು ಲಯ. ಇದನ್ನು ನಮ್ಮ ಭಾಗದವರು ಬೇಗ ಹಿಡಿಯುತ್ತೀರಿ. ನಮ್ಮ ಭಜನೆಯಲ್ಲಿ ಹಾಡುವವರು ಮುಂದೆ, ದಮ್ಮಡಿ, ತಬಲಾ, ತಾಳ ಹಿಂದೆ. ಮೇಳದ ಹಿರಿಯ ಒಂದು ಪದ ಎಳೆದರೆ ತಬಲಾದವನು ಕಾಯುತ್ತಾನೆ. ಕಂಪನಿ ನಾಟಕದಲ್ಲೂ ಹಾಗೇ. ಕಾಲುಪೇಟಿ ಮಾಸ್ತರು ಪಾತ್ರದ ಬಾಯಿ ನೋಡಿಕೊಂಡು ನುಡಿಸುತ್ತಾರೆ. ಬಳ್ಳಾರಿಯ ಸುಭದ್ರಮ್ಮ ಮನ್ಸೂರ್ ಅವರ ರಂಗಗೀತೆ ಕೇಳಿದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಅಂಥ ಮೇಳದಲ್ಲಿ ಬೆಳೆದ ಹುಡುಗನನ್ನು ತಂದು ಕಿವಿಗೆ ಮಾನಿಟರ್ ಸಿಕ್ಕಿಸಿ, ಟ್ರ್ಯಾಕ್ ಹಾಕಿ, ಹಾಡು ಅಂದರೆ ಅವನು ತನ್ನ ರೂಢಿಯಂತೆ ಎಳೆಯುತ್ತಾನೆ. ಟ್ರ್ಯಾಕ್ ಕಾಯುವುದಿಲ್ಲ. "ಲಯ ಹೋಯ್ತು ಕಂದ" ಅನ್ನುತ್ತಾರೆ. ಅವನ ಲಯ ಎಲ್ಲೂ ಹೋಗಿಲ್ಲ. ಯಾರು ಯಾರನ್ನು ಹಿಂಬಾಲಿಸಬೇಕು ಅನ್ನುವ ನಿಯಮ ಬದಲಾಗಿದೆ, ಅಷ್ಟೇ. ಈ ನಿಯಮವನ್ನು ನಾಲ್ಕು ದಿನ ಮುಂಚೆ ಯಾರಾದರೂ ಹೇಳಿಕೊಟ್ಟರೆ ಅವನಿಗೆ ಅದೇನು ಕಷ್ಟವಲ್ಲ.

ಮೂರನೆಯದು ಹಾಡಿನ ಆಯ್ಕೆ. ನಾವೆಲ್ಲ ಹುಡುಗರೇ ಹಾಡು ಆರಿಸುತ್ತಾರೆ ಅಂದುಕೊಂಡಿದ್ದೇವೆ. ಎಷ್ಟೋ ಸಲ ಹಾಗಿರುವುದಿಲ್ಲ. ಯಾವ ಹಾಡಿನ ಹಕ್ಕು ಚಾನೆಲ್‌ಗೆ ಸಿಗುತ್ತದೆ, ಈ ವಾರದ ಸುತ್ತು ಯಾವುದು, ಅತಿಥಿ ಯಾರು, ಅವರ ಹಾಡುಗಳು ಯಾವು ಅನ್ನುವ ಲೆಕ್ಕ ಇರುತ್ತದೆ. ಇದರಲ್ಲಿ ತಪ್ಪು ಹುಡುಕುವುದು ಕಷ್ಟ, ಅದೊಂದು ಕಾರ್ಯಕ್ರಮ. ಆದರೆ ಒಬ್ಬಳಿಗೆ ಅವಳ ದನಿಗೆ ಹೊಲಿದ ಹಾಗಿರುವ ಮೆಲೊಡಿ ಸಿಕ್ಕಿ, ಇನ್ನೊಬ್ಬಳಿಗೆ ಕುಣಿತದ ಹಾಡು ಸಿಕ್ಕರೆ, ಅವತ್ತಿನ ಫಲಿತಾಂಶದ ಅರ್ಧ ಭಾಗ ಹಾಡು ಹಂಚಿದವರ ಕೈಯಲ್ಲಿ ಮುಗಿದಿರುತ್ತದೆ. ಅವರ ಹೆಸರು ಕೊನೆಯ ಟೈಟಲ್‌ನಲ್ಲಿ ಓಡಿಹೋಗುತ್ತದೆ. ಬೈಸಿಕೊಳ್ಳುವವರು ತೀರ್ಪುಗಾರರು.

ದಾಸರ ಪದದ ಸುತ್ತು ಬಂದಾಗ ನನಗೆ ಇನ್ನೊಂದು ಕಿರಿಕಿರಿ. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಎಲ್ಲ ಇದೇ ರಾಯಚೂರು ಸೀಮೆಯವರು. ಇಲ್ಲಿನ ಅಜ್ಜಿಯರ ಬಾಯಲ್ಲಿ ಆ ಪದಗಳಿಗೆ ತಮ್ಮದೇ ಧಾಟಿ ಇವೆ. ಒಂದೊಂದು ಓಣಿಗೆ ಒಂದೊಂದು. ಟಿವಿಯಲ್ಲಿ ಮಾತ್ರ ಕ್ಯಾಸೆಟ್ಟಿನಲ್ಲಿ ಬಂದ ಧಾಟಿಯೇ ಸರಿ. ಅಜ್ಜಿಯ ಧಾಟಿಯಲ್ಲಿ ಹಾಡಿದ ಮಗುವಿಗೆ "ಒರಿಜಿನಲ್ ಇನ್ನೊಮ್ಮೆ ಕೇಳು ಪುಟ್ಟಾ" ಅನ್ನುವ ಸಲಹೆ ಸಿಗುತ್ತದೆ. ಒರಿಜಿನಲ್ ಯಾವುದು ಸ್ವಾಮಿ?

ಇನ್ನು ಕೇಳುವ ವಿಷಯ. ಸ್ಟುಡಿಯೋದಲ್ಲಿ ತೀರ್ಪುಗಾರರು ಕೇಳುವ ದನಿ ಒಂದು. ಮಿಕ್ಸಿಂಗ್ ಮುಗಿಸಿ, ತಿಂಗಳೋ ವಾರವೋ ಆದ ಮೇಲೆ ನಮ್ಮ ಮನೆಗೆ ಬರುವ ದನಿ ಇನ್ನೊಂದು. ಬ್ರಿಟನ್ನಿನ 'ದಿ ಎಕ್ಸ್ ಫ್ಯಾಕ್ಟರ್'ನಲ್ಲಿ 2010ರಲ್ಲಿ ಇದು ಬಯಲಿಗೆ ಬಂತು. ಆಡಿಷನ್ ಹಾಡುಗಳಿಗೆ ಆಟೋಟ್ಯೂನ್, ಅಂದರೆ ಜಾರಿದ ಸ್ವರ ಸರಿ ಮಾಡುವ ಸಾಫ್ಟ್‌ವೇರ್, ಹಚ್ಚಿ ಪ್ರಸಾರ ಮಾಡಿದ್ದರು. ಜನ ಗುರುತು ಹಿಡಿದು ರೇಗಿದರು, ಕಾರ್ಯಕ್ರಮದವರು ಒಪ್ಪಿಕೊಂಡರು, ನಿಲ್ಲಿಸುತ್ತೇವೆ ಅಂದರು. ಎಲ್ಲ ಕಡೆ ಹೀಗೇ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಆದರೆ ಪ್ರತಿಧ್ವನಿ ಸೇರಿಸುವುದು, ವಾದ್ಯ ಏರಿಸಿ ಇಳಿಸುವುದು ಎಲ್ಲ ಕಡೆ ಇದ್ದೇ ಇರುತ್ತದೆ. ಹಾಗಾಗಿ "ನಮಗೆ ತಪ್ಪೇ ಕೇಳಲಿಲ್ಲ, ಇವರಿಗೆ ಹೆಂಗ ಕೇಳ್ತು?" ಅನ್ನುವ ಜಗಳದಲ್ಲಿ ಎರಡೂ ಕಡೆಯವರು ಸರಿ ಇರಬಹುದು. ಇಬ್ಬರೂ ಬೇರೆ ಬೇರೆ ಹಾಡು ಕೇಳಿದ್ದಾರೆ.

ಕಣ್ಣಿನದೂ ಒಂದು ಕಥೆ ಇದೆ. 2013ರಲ್ಲಿ ಚಿಯಾ ಜಂಗ್ ಸೈ ಅನ್ನುವ ಸಂಶೋಧಕಿ, ಅವರೇ ಪಿಯಾನೋ ನುಡಿಸುವವರು, ಒಂದು ಪರೀಕ್ಷೆ ಮಾಡಿ ಬರೆದರು. ಸಂಗೀತ ಸ್ಪರ್ಧೆಗಳ ತುಣುಕುಗಳನ್ನು ಕೆಲವರಿಗೆ ಬರೀ ದನಿಯಾಗಿ ಕೇಳಿಸಿದರು. ಕೆಲವರಿಗೆ ದನಿ ತೆಗೆದು ಬರೀ ದೃಶ್ಯ ತೋರಿಸಿದರು. ಗೆದ್ದವರು ಯಾರು ಅಂತ ಸರಿಯಾಗಿ ಊಹಿಸಿದವರಲ್ಲಿ ದನಿಯೇ ಇಲ್ಲದ ದೃಶ್ಯ ನೋಡಿದವರೇ ಮುಂದೆ. ಕಲಿತ ಸಂಗೀತಗಾರರ ಗತಿಯೂ ಅದೇ. ಬಟ್ಟೆ, ನಿಲುವು, ಕೈ ಆಡಿಸುವುದು, ಕಣ್ಣು ಮುಚ್ಚುವುದು ಎಲ್ಲವೂ ಗೊತ್ತಿಲ್ಲದ ಹಾಗೆ ಅಂಕದೊಳಗೆ ಹೋಗಿ ಕೂರುತ್ತವೆ.

ಸರದಿಯೂ ಹಾಗೆ. ಬ್ರಸೆಲ್ಸ್‌ನಲ್ಲಿ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆ ನಡೆಯುತ್ತದೆ. ಯಾರು ಯಾವ ದಿನ ನುಡಿಸಬೇಕು ಅಂತ ಚೀಟಿ ಎತ್ತುತ್ತಾರೆ. ಇಬ್ಬರು ಅರ್ಥಶಾಸ್ತ್ರಜ್ಞರು ಹಳೆಯ ಫಲಿತಾಂಶ ಎಲ್ಲ ತೆಗೆದು ನೋಡಿ 1996ರಲ್ಲಿ ಬರೆದರು: ಮೊದಲ ದಿನ ನುಡಿಸಿದವರಿಗೆ ಒಳ್ಳೆಯ ಸ್ಥಾನ ಸಿಗುವುದು ಕಷ್ಟ, ತಡವಾಗಿ ಬಂದವರಿಗೆ ಅನುಕೂಲ. ಚೀಟಿಯಲ್ಲಿ ಬಂದ ದಿನಕ್ಕೂ ಪ್ರತಿಭೆಗೂ ಏನು ಸಂಬಂಧ? ನಮ್ಮ ಶಾಲಾ ಸ್ಪರ್ಧೆಗಳಲ್ಲೂ ನೋಡಿರುತ್ತೀರಿ. ಮೊದಲನೇ ಮಗುವಿಗೆ ತೀರ್ಪುಗಾರರು ಹುಷಾರಾಗಿ ಏಳು ಹಾಕುತ್ತಾರೆ, "ಮುಂದೆ ಇನ್ನೂ ಚಲೋ ಬರಬಹುದು" ಅಂತ. ಹದಿನೈದನೇ ಮಗು ಅಷ್ಟೇ ಹಾಡಿದರೂ ಎಂಟೂವರೆ.

ಅಂಕದ ಲೆಕ್ಕದಲ್ಲೇ ಒಂದು ಹೊಂಚು ಇದೆ. ಇದನ್ನು ಹಲಗೆ ಮೇಲೆ ಬರೆದು ತೋರಿಸಿದ್ದೆ, ಇಲ್ಲಿ ಮಾತಿನಲ್ಲೇ ಹೇಳುತ್ತೇನೆ. ಲೆಕ್ಕಕ್ಕೆ ಅಂತ ಇಬ್ಬರನ್ನು ಇಟ್ಟುಕೊಳ್ಳೋಣ, ಲಕ್ಷ್ಮಿ ಮತ್ತು ಮೆಹಬೂಬ. ಮೂವರು ತೀರ್ಪುಗಾರರು, ನೂರಕ್ಕೆ ಅಂಕ. ಮೊದಲನೆಯವರು ಲಕ್ಷ್ಮಿಗೆ 84, ಮೆಹಬೂಬನಿಗೆ 83. ಎರಡನೆಯವರು ಲಕ್ಷ್ಮಿಗೆ 85, ಮೆಹಬೂಬನಿಗೆ 83. ಮೂರನೆಯವರು ಲಕ್ಷ್ಮಿಗೆ 60, ಮೆಹಬೂಬನಿಗೆ 90. ಕೂಡಿಸಿ. ಲಕ್ಷ್ಮಿಗೆ 229, ಮೆಹಬೂಬನಿಗೆ 256. ಮೂವರಲ್ಲಿ ಇಬ್ಬರು ಲಕ್ಷ್ಮಿಯೇ ಮೇಲು ಅಂದಿದ್ದಾರೆ. ಆದರೂ ಮೆಹಬೂಬ 27 ಅಂಕದಿಂದ ಗೆದ್ದ. ಯಾಕೆ? ಮೊದಲ ಇಬ್ಬರು ಸಭ್ಯರು, 80ರಿಂದ 90ರ ನಡುವೆ ಓಡಾಡುತ್ತಾರೆ. ಮೂರನೆಯವರು 60ರಿಂದ 90ರವರೆಗೆ ಓಡಾಡುತ್ತಾರೆ. ದೂರ ದೂರ ಅಂಕ ಹಾಕುವವರ ಒಂದು ಮತ ಹತ್ತಿರ ಹತ್ತಿರ ಹಾಕುವವರ ಎರಡು ಮತವನ್ನು ನುಂಗಿಬಿಡುತ್ತದೆ. ಇದಕ್ಕೆ ಮೋಸ ಬೇಕಾಗಿಲ್ಲ. ಆ ಮೂರನೆಯವರು ನಿಜವಾಗಲೂ ಹಾಗೇ ಅಂದುಕೊಂಡಿರಬಹುದು.

ಅಂಕದ ಬದಲು ಸ್ಥಾನ ಬರೆಸಿದರೆ? ಲಕ್ಷ್ಮಿಗೆ ಒಂದು, ಒಂದು, ಎರಡು. ಕೂಡಿದರೆ ನಾಲ್ಕು. ಮೆಹಬೂಬನಿಗೆ ಎರಡು, ಎರಡು, ಒಂದು. ಐದು. ಕಡಿಮೆ ಬಂದವರು ಗೆದ್ದರು, ಅಂದರೆ ಲಕ್ಷ್ಮಿ. ಸ್ಥಾನದ ಲೆಕ್ಕಕ್ಕೂ ತನ್ನದೇ ತೊಂದರೆ ಇದೆ. ಒಬ್ಬರು ಬಹಳ ಮುಂದಿದ್ದರೂ ಅದು ಕಾಣುವುದಿಲ್ಲ. ಇನ್ನೊಂದು ದಾರಿ, ತೀರ್ಪುಗಾರರು ಐವರಿದ್ದು ಅತಿ ಹೆಚ್ಚು, ಅತಿ ಕಡಿಮೆ ಅಂಕ ಎರಡನ್ನೂ ಬಿಟ್ಟು ಉಳಿದ ಮೂರನ್ನು ಕೂಡಿಸುವುದು. ಮಂಜಿನ ಮೇಲಿನ ಸ್ಕೇಟಿಂಗ್‌ನಲ್ಲಿ 2002ರ ಒಲಿಂಪಿಕ್ಸ್ ತೀರ್ಪು ದೊಡ್ಡ ಹಗರಣ ಆದ ಮೇಲೆ ಹಳೆಯ ಅಂಕ ಪದ್ಧತಿಯನ್ನೇ ಕಿತ್ತುಹಾಕಿದರು. ಹೊಸದರಲ್ಲಿ ಹೀಗೆ ಮೇಲಿನದು ಕೆಳಗಿನದು ಬಿಡುವ ಕ್ರಮ ಇದೆ.

ಕಲಿಸಿದವರು ಅಂಕ ಹಾಕಬಾರದು ಅನ್ನುವುದಕ್ಕೆ ಒಳ್ಳೆಯ ಮಾದರಿ ವಾರ್ಸಾದ ಶೋಪೆನ್ ಪಿಯಾನೋ ಸ್ಪರ್ಧೆ. ಅಲ್ಲಿ ತೀರ್ಪುಗಾರರ ಶಿಷ್ಯರು ಸ್ಪರ್ಧೆಗೆ ಬರಬಹುದು, ಆದರೆ ಆ ಗುರು ಅವರಿಗೆ ಅಂಕ ಹಾಕುವ ಹಾಗಿಲ್ಲ. ಸ್ಪರ್ಧೆ ಮುಗಿದ ಮೇಲೆ ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನುವ ಪಟ್ಟಿಯನ್ನೂ ಹೊರಗೆ ಹಾಕುತ್ತಾರೆ. ಇಷ್ಟೆಲ್ಲ ಇದ್ದರೂ ಜಗಳ ತಪ್ಪಿಲ್ಲ ಅನ್ನಿ. 1980ರಲ್ಲಿ ಇವೊ ಪೊಗೊರೆಲಿಚ್ ಅನ್ನುವ ಹುಡುಗನನ್ನು ಫೈನಲ್‌ಗೆ ಬಿಡಲಿಲ್ಲ ಅಂತ ಮಾರ್ತಾ ಆರ್ಗೆರಿಚ್ ತೀರ್ಪುಗಾರರ ಕುರ್ಚಿ ಬಿಟ್ಟು ಎದ್ದುಹೋದರು. ಅವರು ಅದೇ ಸ್ಪರ್ಧೆಯನ್ನು 1965ರಲ್ಲಿ ಗೆದ್ದವರು. ನಮ್ಮ ಟಿವಿಯಲ್ಲಿ ಯಾರಾದರೂ ಹೀಗೆ ಎದ್ದುಹೋದರೆ ಅದೂ ಪ್ರೊಮೋ ಆಗುತ್ತದೆ.

ಈಗ ನಮ್ಮ ಕಡೆಯ ಮಾತು. ನಮ್ಮ ಜಿಲ್ಲೆಯ ಮಗು ಟಿವಿಗೆ ಹೋದರೆ ಮೊದಲು ಕ್ಯಾಮೆರಾ ಮನೆಗೆ ಬರುತ್ತದೆ. ಮಣ್ಣಿನ ಮಾಳಿಗೆ, ಒಲೆ, ಗುಳೆ ಹೋದ ಅಪ್ಪ, ಅವ್ವನ ಕಣ್ಣೀರು. ಗುಳೆ ಸುಳ್ಳಲ್ಲ, ನಮ್ಮ ಎಷ್ಟು ಹಳ್ಳಿಗಳಲ್ಲಿ ಬೇಸಿಗೆ ಬಂದರೆ ಮನೆಗಳಿಗೆ ಬೀಗ ಬೀಳುತ್ತದೆ ಅಂತ ನಿಮಗೇ ಗೊತ್ತು. ಆದರೆ ಆ ಮೂರು ನಿಮಿಷದ ಚಿತ್ರ ತೋರಿಸಿ ಆಮೇಲೆ ಹಾಡಿಸಿದರೆ ತೀರ್ಪುಗಾರರು ಏನು ಮಾಡಬೇಕು? ತಪ್ಪು ಹೇಳಿದರೆ ಕಟುಕರು. ಹೇಳದಿದ್ದರೆ ಆ ಮಗುವಿಗೆ ಪಾಠ ಇಲ್ಲ. ಹೆಚ್ಚಿನ ಸಲ ಅವರು ಎದ್ದು ನಿಂತು ಚಪ್ಪಾಳೆ ತಟ್ಟಿಬಿಡುತ್ತಾರೆ. ಪಕ್ಕದ ಮಗುವಿಗೆ "ಅನುಪಲ್ಲವಿಯ ಎರಡನೇ ಸಾಲಿನಲ್ಲಿ ನಿಷಾದ ಸ್ವಲ್ಪ ಇಳಿಯಿತು" ಅಂತ ಪಾಠ ಸಿಗುತ್ತದೆ, ನಮ್ಮ ಮಗುವಿಗೆ ಅಪ್ಪುಗೆ ಸಿಗುತ್ತದೆ. ಎಂಟು ವಾರ ಆದ ಮೇಲೆ ಇಬ್ಬರಲ್ಲಿ ಯಾರು ಮುಂದೆ ಇರುತ್ತಾರೆ? ಅನುಕಂಪದಿಂದ ನಮ್ಮವರಿಗೆ ಲಾಭ ಆಯಿತು ಅಂತ ಬೇರೆಯವರು ಗೊಣಗುತ್ತಾರೆ. ನನಗೆ ಕಾಣುವುದು ನಷ್ಟ.

ಹಾವೇರಿ ಜಿಲ್ಲೆಯ ಚಿಲ್ಲೂರ ಬಡ್ನಿಯ ಹನುಮಂತ ನಿಮಗೆ ನೆನಪಿದ್ದಾರೆ. ಕುರಿ ಕಾಯುತ್ತಿದ್ದವರು ಕನ್ನಡದ 'ಸರಿಗಮಪ'ದ 15ನೇ ಆವೃತ್ತಿಯಲ್ಲಿ ಫೈನಲ್‌ವರೆಗೆ ಹೋಗಿ, 2019ರಲ್ಲಿ ಎರಡನೇ ಸ್ಥಾನ ಪಡೆದರು. ಗೆದ್ದವರು ಕೀರ್ತನ್ ಹೊಳ್ಳ. ಅವತ್ತು ಅರ್ಧ ಕರ್ನಾಟಕ ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ. ನನಗೆ ಅನಿಸುವುದು, ಅಲ್ಲಿ ಅನ್ಯಾಯ ಯಾರಿಗೂ ಆಗಲಿಲ್ಲ. ಆದರೆ ಬಯಲಲ್ಲಿ ಗಂಟಲು ತೆರೆದು ಜನಪದ ಹಾಡುವವರನ್ನೂ ಅಭ್ಯಾಸ ಮಾಡಿ ಕಲಿತ ಸಿನಿಮಾ ದನಿಯನ್ನೂ ಒಂದೇ ಹಾಳೆಯಲ್ಲಿ ಅಳೆಯಲು ಹೋದದ್ದೇ ತಪ್ಪು. ಹನುಮಂತ ಅವರನ್ನು ಜನ ಮರೆಯಲಿಲ್ಲ. 2025ರ ಜನವರಿಯಲ್ಲಿ ಬಿಗ್ ಬಾಸ್ 11ನೇ ಆವೃತ್ತಿ ಗೆದ್ದರು. ಅಲ್ಲಿ ಹಾಡಿಗೆ ಅಂಕ ಇರಲಿಲ್ಲ.

ಭಾಷೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಹುಡುಗರು ಮಾತಾಡಿದರೆ ಎಲ್ಲರಿಗೂ ನಗು, ಪ್ರೀತಿ. "ಇನ್ನೊಮ್ಮೆ ಹೇಳು, ಹೆಂಗ ಅಂದಿ?" ಅಂತ ನಿರೂಪಕರು ಕೇಳುತ್ತಾರೆ. ಅದೇ ಹುಡುಗ ಹಾಡುವಾಗ ಉಚ್ಚಾರಣೆಗೆ ಅಂಕ ಕಡಿಮೆ. ಮಾತಿನಲ್ಲಿ ಮಾರುವ ಸರಕು ಹಾಡಿನಲ್ಲಿ ದೋಷ ಆಗುವುದು ಹೇಗೆ?

ವೀಕ್ಷಕರ ಮತದ ಬಗ್ಗೆ ಜಾಸ್ತಿ ಹೇಳಲ್ಲ. 2005ರ 'ಫೇಮ್ ಗುರುಕುಲ್'ನಲ್ಲಿ ಅರಿಜಿತ್ ಸಿಂಗ್ ಫೈನಲ್ ತಲುಪದೆ ಹೊರಗೆ ಬಂದರು. 2007ರ 'ಇಂಡಿಯನ್ ಐಡಲ್'ನಲ್ಲಿ ಡಾರ್ಜಿಲಿಂಗ್‌ನ ಪ್ರಶಾಂತ್ ತಮಾಂಗ್, ಕೋಲ್ಕತ್ತಾದಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಆಗಿದ್ದವರು, ಗೆದ್ದರು. ಇಡೀ ಗುಡ್ಡಗಾಡೇ ಅವರಿಗಾಗಿ ಮೆಸೇಜ್ ಕಳಿಸಿತು. ಒಂದು ಜನಾಂಗ ತಮ್ಮವನನ್ನು ಪರದೆ ಮೇಲೆ ನೋಡಿ ಹೆಮ್ಮೆ ಪಟ್ಟರೆ ತಪ್ಪೇನಿಲ್ಲ. ಅದನ್ನು ಹಾಡಿನ ತೀರ್ಪು ಅಂತ ಕರೆಯುವುದು ಬೇಡ, ಅಷ್ಟೇ. ಒಬ್ಬನೇ ಎಷ್ಟು ಬೇಕಾದರೂ ಮತ ಹಾಕಬಹುದು, ಪ್ರತಿ ಮತಕ್ಕೂ ದುಡ್ಡು ಅಂದಾಗ ಅದು ಚುನಾವಣೆಯೂ ಅಲ್ಲ.

ಪ್ರಶ್ನೆಗಳು ಬಹಳ ಬಂದವು. ಒಬ್ಬ ಸಂಗೀತ ಶಿಕ್ಷಕರು ಕೇಳಿದರು: "ಸರ್, ಕೋಚ್ ತನ್ನ ತಂಡಕ್ಕೆ ಅಂಕ ಹಾಕಬಾರದು ಅಂತೀರಿ. ಆದ್ರ ಹುಡುಗನ ಬಗ್ಗೆ ಜಾಸ್ತಿ ಗೊತ್ತಿರೋದು ಅವರಿಗೇ ಅಲ್ಲೇನ್ರಿ?" ಗೊತ್ತಿರುವುದೇ ತೊಂದರೆ. ಮಗು ಮೂರು ವಾರದ ಹಿಂದೆ ಎಷ್ಟು ತಡವರಿಸುತ್ತಿತ್ತು ಅಂತ ಕೋಚಿಗೆ ಗೊತ್ತು. ಇವತ್ತು ಅದು ಸ್ವಲ್ಪ ಸುಧಾರಿಸಿದರೆ ಅವರ ಕಿವಿಗೆ ಬಹಳ ಚೆನ್ನಾಗಿ ಕೇಳುತ್ತದೆ. ಅದು ಗುರುವಿನ ಕಿವಿ. ಅವರು ಮಾತಾಡಲಿ, ಮಗುವಿನ ಬೆಳವಣಿಗೆ ವಿವರಿಸಲಿ. ಪೆನ್ನು ಮಾತ್ರ ಬೇರೆಯವರ ಕೈಯಲ್ಲಿರಲಿ.

ಕೊಪ್ಪಳದಿಂದ ಬಂದಿದ್ದ ಒಬ್ಬ ಅಜ್ಜಿ ಎದ್ದು ನಿಂತರು. "ಎಪ್ಪಾ, ಇಷ್ಟೆಲ್ಲಾ ಹೇಳಿದಿ. ಮೊಮ್ಮಗಳನ್ನ ಕಳಸೂದೋ ಬ್ಯಾಡೋ, ಅದನ್ನ ಹೇಳು." ಸಭೆ ನಕ್ಕಿತು. ಕಳಿಸಿ ಅಮ್ಮಾ. ಆದರೆ ಹಂಪಿ ಎಕ್ಸ್‌ಪ್ರೆಸ್ ಹತ್ತುವ ಮುಂಚೆ ಊರಿನ ಪೇಟಿ ಮಾಸ್ತರ ಹತ್ತಿರ ಅವಳ ಶ್ರುತಿ ಯಾವುದು ಅಂತ ಗೊತ್ತು ಮಾಡಿಕೊಳ್ಳಿ. ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಡಿ. ಟ್ರ್ಯಾಕಿನ ಶ್ರುತಿ ಏರಿಸಿ ಇಳಿಸುವ ಆಪ್ ಮೊಬೈಲ್‌ನಲ್ಲೇ ಸಿಗುತ್ತದೆ, ಮನೆಯ ಯಾವ ಹುಡುಗನಿಗೆ ಹೇಳಿದರೂ ಹಾಕಿಕೊಡುತ್ತಾನೆ. ಸಹಿ ಹಾಕಿಸಿಕೊಳ್ಳುವ ಕಾಗದ ಓದಿ. ಎಷ್ಟು ತಿಂಗಳು ಬೇರೆ ಕಡೆ ಹಾಡಬಾರದು ಅಂತ ಬರೆದಿರುತ್ತದೆ, ಅದನ್ನು ವಕೀಲರಿಗೆ ತೋರಿಸಿ. ಶಾಲೆ ಎಷ್ಟು ತಪ್ಪುತ್ತದೆ ಅಂತ ಕೇಳಿ. ಮೊಮ್ಮಗ ಆಗಿದ್ದು, ದನಿ ಒಡೆಯುವ ವಯಸ್ಸಾಗಿದ್ದರೆ ಒಂದೆರಡು ವರ್ಷ ತಡೆಯಿರಿ ಅನ್ನುತ್ತಿದ್ದೆ. ಮನೆಗೆ ಕ್ಯಾಮೆರಾ ಬಂದರೆ ಏನು ತೋರಿಸಬೇಕು, ಏನು ಬೇಡ ಅಂತ ಹೇಳುವ ಹಕ್ಕು ನಿಮ್ಮದು.

ಕೊನೆಯ ಪ್ರಶ್ನೆ ಯುವಕ ಸಂಘದ ಒಬ್ಬ ಹುಡುಗನದು. ಜಾತ್ರೆಗೆ ಹಾಡಿನ ಸ್ಪರ್ಧೆ ಇಟ್ಟಿದ್ದಾರಂತೆ, ಐದು ಜನ ತೀರ್ಪುಗಾರರು ಸಿಗುವುದಿಲ್ಲವಂತೆ. ಮೂವರಿದ್ದರೂ ನಡೆಯುತ್ತದೆ. ಸ್ಥಾನ ಬರೆಸಿ, ಅಂಕ ಬೇಡ. ತಮ್ಮ ಶಿಷ್ಯರು ಹಾಡುವಾಗ ಆ ತೀರ್ಪುಗಾರರು ಸುಮ್ನೆ ಕೂರಲಿ. ಅವರ ಬದಲು ಕೂರಲು ಇನ್ನೊಬ್ಬರನ್ನು ಮೊದಲೇ ಗೊತ್ತು ಮಾಡಿಟ್ಟಿರಿ. ಸರದಿ ಚೀಟಿ ಎತ್ತಿ, ಎರಡನೇ ಸುತ್ತಿನಲ್ಲಿ ಸರದಿ ತಿರುಗಿಸಿ. ಪೇಟಿಯವರಿಗೆ ಪ್ರತಿ ಮಗುವಿನ ಶ್ರುತಿ ಕೇಳಿ ನುಡಿಸಲು ಹೇಳಿ. ಮೂವರ ಹಾಳೆಯನ್ನೂ ಅವತ್ತೇ ನೋಟಿಸ್ ಬೋರ್ಡಿಗೆ ಹಚ್ಚಿ. ಬಹುಮಾನದ ದುಡ್ಡು ಕೊಡುವ ಸಾಹುಕಾರರನ್ನು ಮಾತ್ರ ತೀರ್ಪುಗಾರರ ಮೇಜಿನಿಂದ ದೂರ ಕೂರಿಸಿ. ಚಹಾ ಅಲ್ಲಿಗೇ ಕಳಿಸಿಕೊಡಿ.